ರಸ್ತೆಯಾಚೆ ನಿಂತ ಯಾಜಕ

ಕಳೆದ ವಾರ ಮೆಲ್ಬರ್ನಿನ ವಿಂಡಮ್ ವೇಲ್‌ನ ನಮ್ಮ ಮನೆಗೆ ಪಕ್ಕದ ಮನೆಯಾಕೆ ತಮ್ಮ ಹಿತ್ತಲಿನ ಎರಡು ಮಾದಳ ಹಣ್ಣು ತಂದುಕೊಟ್ಟರು. ಉಪ್ಪಿನಕಾಯಿಗೆ ಹೆಚ್ಚೋಣವೆಂದು ಚಾಕು ಇಟ್ಟೆನೋ ಇಲ್ಲವೋ, ಸಿಪ್ಪೆಯ ಪರಿಮಳ ಮೂಗಿಗೆ ಬಡಿದು ಕೈ ಹಾಗೇ ನಿಂತಿತು. ಸಿಡ್ನಿಯ ಒಂದು ಫುಟ್‌ಪಾತ್, ಅಲ್ಲಿ ಕಪ್ಪು ಹ್ಯಾಟ್ ಹಾಕಿ ನಿಂತ ಮುದುಕ...

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನು ನರ್ಸಾಗಿದ್ದೆ. ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಬಾಡಿಗೆ ಫ್ಲಾಟ್. ಕೆಳಗಿನ ಫ್ಲಾಟಿನಲ್ಲಿದ್ದ ಅಂಕಲ್ ಯೆಹೂದಿ, ಒಂಟಿ, ರಿಟೈರಾದ ಟೈಲರ್. ನನ್ನ ಯೂನಿಫಾರ್ಮಿನ ಜಿಪ್ ಕಿತ್ತುಹೋದರೆ ಅವರೇ ಹೊಲಿದುಕೊಡುತ್ತಿದ್ದರು. ಅವರ ಜೊತೆ ನಲವತ್ತು ವರ್ಷ ಒಂದೇ ಅಂಗಡಿಯಲ್ಲಿ ಹೊಲಿದ ಗೆಳೆಯರೊಬ್ಬರು ಒಂದು ದಿನ ನಮ್ಮ ವಾರ್ಡಿಗೆ ಸೇರಿದರು. ಕ್ಯಾನ್ಸರ್, ಕೊನೆಯ ಹಂತ. ಅವರಿಗೂ ಹೆಂಡತಿ ಮಕ್ಕಳಿರಲಿಲ್ಲ.

ಅಂಕಲ್ ಮಾತ್ರ ಒಳಗೆ ಬರಲೇ ಇಲ್ಲ. ದಿನಾ ಆಸ್ಪತ್ರೆಯೆದುರು ರಸ್ತೆಯಾಚೆ ಬಂದು, ಎರಡನೇ ಮಹಡಿಯ ಕಿಟಕಿ ನೋಡುತ್ತ ನಿಲ್ಲುತ್ತಿದ್ದರು. ಮೂರನೇ ದಿನ ನನಗೆ ಸಿಟ್ಟೇ ಬಂತು. ಡ್ಯೂಟಿ ಮುಗಿಸಿ ನೇರ ಹೋಗಿ, "ಅಂಕಲ್, ಅವರು ಬಾಗಿಲನ್ನೇ ನೋಡ್ತಾ ಮಲಗಿರ್ತಾರೆ. ಬನ್ನಿ ಒಳಗೆ," ಎಂದೆ.

"ನಾನು ಯಾಜಕರ ವಂಶದವನು ಮಗಳೇ," ಎಂದರು.

ಮೋಶೆಯ ಕಾಲದಿಂದ ಬಂದ ನೇಮವಂತೆ. ಹೆಣವಿರುವ ಸೂರಿನಡಿ ಯಾಜಕ ಕಾಲಿಡಬಾರದು. ದೊಡ್ಡ ಆಸ್ಪತ್ರೆಯಲ್ಲಿ ಯಾವ ಹೊತ್ತಿನಲ್ಲಿ ಯಾರು ಸತ್ತಿರುತ್ತಾರೋ ಯಾರಿಗೆ ಗೊತ್ತು? ತಂದೆ, ತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ತೀರಿಕೊಂಡರಷ್ಟೇ ವಿನಾಯಿತಿ.

"ಆ ಪಟ್ಟಿ ಎಷ್ಟು ಸಲ ಓದಿದ್ದೀನೋ. ಗೆಳೆಯ ಅನ್ನೋ ಮಾತು ಅದರಲ್ಲಿಲ್ಲ."

"ಯಾಜಕರು ಸೇವೆ ಮಾಡ್ತಿದ್ದ ನಿಮ್ಮ ದೇವಾಲಯವೇ ಇಲ್ಲವಲ್ಲ ಅಂಕಲ್ ಈಗ!"

"ಇಲ್ಲ. ಬಿದ್ದು ಎರಡು ಸಾವಿರ ವರ್ಷ ಆಗ್ತಾ ಬಂತು. ಬಲಿಪೀಠವಿಲ್ಲ, ಕುರಿಯಿಲ್ಲ, ಬೆಂಕಿಯಿಲ್ಲ. ಅರ್ಪಿಸೋಕೆ ನನ್ನ ಹತ್ತಿರ ಇದೊಂದೇ ಉಳಿದಿರೋದು."

ನಾನು ಮಂಗಳೂರಿನ ಕ್ಯಾಥೊಲಿಕ್ ಮನೆಯವಳು. ಅಕ್ಕಪಕ್ಕದಲ್ಲಿ ಕಂಡ ಮಡಿಯೆಲ್ಲ ಬೇರೆಯವರನ್ನು ದೂರ ನಿಲ್ಲಿಸುವಂಥದ್ದು. ಇಲ್ಲಿ ದೂರ ನಿಂತವರು ಮಡಿಯವರೇ. ನನ್ನ ಸಿಟ್ಟು ಎಲ್ಲಿ ಹೋಯಿತೋ...

ಅಷ್ಟರಲ್ಲಿ ಯೆಹೂದಿಗಳ ಪರ್ಣಶಾಲೆಗಳ ಹಬ್ಬ ಬಂತು. ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡ ಹಿರಿಯರು ಮರುಭೂಮಿಯಲ್ಲಿ ಗುಡಿಸಲು ಕಟ್ಟಿ ಬದುಕಿದ ನೆನಪಿಗೆ ಏಳು ದಿನದ ಆಚರಣೆ. ಫ್ಲಾಟಿನ ಹಿಂದಿನ ಅಂಗಳದಲ್ಲಿ ಅಂಕಲ್ ಗರಿ ಹೊದಿಸಿ ಪುಟ್ಟ ಗುಡಿಸಲು ಹಾಕಿದರು. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವಳನ್ನು ಕರೆದು, ಖರ್ಜೂರದ ಎಳೆಗರಿಗೆ ಹಸಿರು ಸೊಪ್ಪು ಸೇರಿಸಿದ ಕಟ್ಟನ್ನೂ ಒಂದು ಮಾದಳ ಹಣ್ಣನ್ನೂ ಕೈಗಿಟ್ಟರು. ಹಬ್ಬದಲ್ಲಿ ಇವನ್ನು ಹಿಡಿದು ದಿಕ್ಕುದಿಕ್ಕಿಗೆ ಆಡಿಸಿ ದೇವರನ್ನು ಕೊಂಡಾಡುತ್ತಾರೆ.

"ಅವನ ಕೈಲಿ ಹಿಡಿಸ್ತೀಯಾ?"

ವಾರ್ಡಿಗೆ ಹೋಗಿ ಗೆಳೆಯರ ಮಂಚವನ್ನು ಕಿಟಕಿಯ ಬಳಿಗೆ ತಳ್ಳಿದೆ. ಎರಡು ದಿನದಿಂದ ಮಾತಿಲ್ಲದೆ ಮಲಗಿದ್ದವರು ಹಣ್ಣಿನ ವಾಸನೆಗೆ ಕಣ್ಣು ಬಿಟ್ಟರು.

"ಬಂದನಾ?"

"ಬಂದಿದ್ದಾರೆ, ಅಲ್ಲಿ ನೋಡಿ."

ಅವರ ಬೆರಳುಗಳನ್ನು ಗರಿಯ ಸುತ್ತ ಮಡಿಸಿ, ನನ್ನ ಕೈ ಆಸರೆ ಕೊಟ್ಟು ಎತ್ತಿದೆ. ಪೂರ್ವಕ್ಕೆ, ದಕ್ಷಿಣಕ್ಕೆ... ಮೇಲಕ್ಕೆ, ಕೆಳಕ್ಕೆ. ರಸ್ತೆಯಾಚೆ ಅಂಕಲ್ ಬರಿಗೈ ಎತ್ತಿ, ಗರಿ ಹೋದ ಕಡೆಗೆಲ್ಲ ಆಡಿಸುತ್ತಿದ್ದರು. ನಡುವೆ ಬಸ್ಸುಗಳು ಹಾಯುತ್ತಿದ್ದವು. ಬಸ್ಸು ಸರಿದಾಗಲೆಲ್ಲ ಆ ಕೈಗಳು ಮೇಲೆಯೇ ಇದ್ದವು. ಅಷ್ಟು ವರ್ಷ ಚರ್ಚಿನಲ್ಲಿ ಮೊಣಕಾಲೂರಿದವಳು ನಾನು, ಪವಿತ್ರ ಎಂಬ ಮಾತಿಗೆ ಅಂದು ಹೆದರಿದೆ.

ಎರಡು ದಿನ ಕಳೆದು ಆ ಗೆಳೆಯರು ತೀರಿಕೊಂಡರು. ಸಮಾಧಿಯ ದಿನವೂ ಅಂಕಲ್ ಸ್ಮಶಾನದ ಬೇಲಿಯ ಹೊರಗೇ ನಿಂತರು. "ನನ್ನ ಪಾಲಿನ ಮಣ್ಣು ನೀನು ಹಾಕು," ಎಂದರು. ಹಾಕಿದೆ. ತಿರುಗಿದಾಗ ಬೇಲಿಗೆ ಹಣೆಯೊತ್ತಿ ನಿಂತಿದ್ದರು.

ಆಮೇಲೆ ನಾನು ಮೆಲ್ಬರ್ನ್‌ಗೆ ಬಂದೆ. ಕೆಲವು ವರ್ಷ ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಮನೆ, ಮಕ್ಕಳು, ಶಿಫ್ಟು ಅಂತ ಅದೂ ತಪ್ಪಿತು. ಮತ್ತೆ ಮಾಡಿದಾಗ ಯಾರೂ ಎತ್ತಲಿಲ್ಲ. ಅಂಕಲ್ ತೀರಿಕೊಂಡು ಐದು ತಿಂಗಳಾಯಿತು ಎಂದು ಆ ಬಿಲ್ಡಿಂಗಿನ ಆಂಟಿಯೊಬ್ಬರಿಂದ ತಿಳಿಯಿತು. ಯಾಜಕರ ಸಮಾಧಿಗಳನ್ನು ದಾರಿಯ ಅಂಚಿನಲ್ಲೇ ಮಾಡುತ್ತಾರಂತೆ, ಅದೇ ವಂಶದವರು ಒಳಗೆ ಬಾರದೆ ನೋಡಲೆಂದು. ಅಂಕಲ್ ಅಲ್ಲಿದ್ದಾರೆ. ಆ ಗೆಳೆಯರು ಅದೇ ಸ್ಮಶಾನದಲ್ಲಿ, ತುಂಬ ಒಳಗೆ.

ಹೋಗಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ನನ್ನನ್ನು ತಡೆಯುವ ನೇಮವೊಂದೂ ಇಲ್ಲ.