ನಾಲ್ಕು ಪಿನ್ನು, ಒಂದೇ ಕಿವಿ

ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಲ್ಲಿ ರೇಡಿಯೋ ರಿಪೇರಿ ಲಿಂಗರಾಜು ಅಂದರೆ ಬಸ್ ಕಂಡಕ್ಟರುಗಳಿಗೂ ಗೊತ್ತು. ಅವನ ಹೆಂಡತಿ ಪ್ರಮೀಳಾಳಿಗೆ ಎಡಗಿವಿ ಕೇಳಿಸುವುದಿಲ್ಲ ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಟ್ಟಿಕೊಂಡ ಗಂಡನಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಆಗ ಹನ್ನೊಂದು ವರ್ಷ.

ಆರನೇ ವಯಸ್ಸಿನಲ್ಲಿ ಅವಳ ಕಿವಿ ಸೋರಿತು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು, ಮತ್ತೂ ಸೋರಿತು. ಕೊನೆಗೆ ಸೋರುವುದೂ ನಿಂತಿತು, ಕೇಳುವುದೂ ನಿಂತಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ತಾಯಿ ಸುನಂದಮ್ಮ ಅಷ್ಟೆಲ್ಲ ಹೇಳಲಿಲ್ಲ, ಒಂದು ನಿಜವನ್ನು ಹೇಳದೆ ಉಳಿಸಿಕೊಂಡಳು ಅಷ್ಟೆ. ಹೆಣ್ಣು ನೋಡಲು ಬಂದ ದಿನ ಮಗಳ ಎಡಗಡೆಗೆ ಗೋಡೆ ಬರುವ ಹಾಗೆ ಕೂರಿಸಿದಳು. ಗಂಡನ ಮನೆಗೆ ಕಳಿಸುವಾಗ ಒಂದೇ ಮಾತು ಹೇಳಿದಳು.

“ಬಾಯಿ ಬುಟ್ಟೀಯೆ ಜೋಕೆ. ಇದು ಗೊತ್ತಾದ್ರೆ ನಿನ್ನ ತಿರುಗಾ ತಂದು ಬುಟ್ಟೋಯ್ತಾರೆ ಕಣವ್ವ.”

ಆ ಮಾತು ಪ್ರಮೀಳಾಳ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಆಮೇಲೆ ಅವಳನ್ನು ಕಾಪಾಡಿದ್ದು ಶಾಸ್ತ್ರ. ಹೆಂಡತಿಯಾದವಳು ಗಂಡನ ಎಡಕ್ಕಿರಬೇಕು ತಾನೆ? ಪೂಜೆಗೆ ಕೂತರೂ ಎಡಕ್ಕೆ, ಬಸ್ಸಿನಲ್ಲಿ ಕೂತರೂ ಎಡಕ್ಕೆ, ಮಲಗಿದರೂ ಎಡಕ್ಕೆ. ಎಡಕ್ಕಿದ್ದವಳ ಬಲಗಿವಿ ಗಂಡನ ಕಡೆಗೇ ಇರುತ್ತದೆ. ಶಾಸ್ತ್ರ ಬರೆದ ಮಹಾನುಭಾವರ ಮನೆಯಲ್ಲೂ ಇಂಥವಳೊಬ್ಬಳು ಇದ್ದಳೋ ಏನೋ. ಅತ್ತೆ ಮಲ್ಲಾಜಮ್ಮನಂತೂ, ಈಗಿನ ಕಾಲದಲ್ಲಿ ಇಷ್ಟು ಪದ್ಧತಿ ಬಲ್ಲ ಸೊಸೆ ಯಾರಿಗೆ ಸಿಕ್ಕಾಳು ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು. ಯಾರು ಏನು ಹೇಳಿದರೂ ಪ್ರಮೀಳಾ ತಲೆ ವಾರೆ ಮಾಡಿ ಗಮನವಿಟ್ಟು ಕೇಳುತ್ತಿದ್ದಳು. ಅದರಿಂದ ಅವಳ ಕಿವಿ ಬಲು ಚುರುಕು ಅನ್ನುವ ಹೆಸರು ಬೇರೆ ಬಂತು.

ಆ ಹೆಸರನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಲಿಂಗರಾಜು. ಅವನದು ಮಾತು ಕಮ್ಮಿ. ಪ್ರೀತಿಯನ್ನು ಬಾಯಲ್ಲಿ ಹೇಳುವ ಪೈಕಿಯಲ್ಲ, ಕೈಯಲ್ಲಿ ಬೆಸುಗೆ ಹಾಕುವ ಪೈಕಿ. ಮಕ್ಕಳಿಲ್ಲದ ಮನೆ, ಅಡುಗೆಮನೆಯ ಗೂಡಿನಲ್ಲಿದ್ದ ಹಳೇ ರೇಡಿಯೋವೇ ಪ್ರಮೀಳಾಳ ಜೊತೆಗಾತಿ. ಹಾಡು ಬಂದರೆ ಒಲೆಯ ಮೇಲಿನ ಸಾರು ಉಕ್ಕುವುದನ್ನೂ ಮರೆಯುತ್ತಿದ್ದಳು. ಅದನ್ನು ನೋಡಿ ನೋಡಿ ತೊಂಬತ್ತೆಂಟನೇ ಇಸವಿಯಲ್ಲಿ ಲಿಂಗರಾಜು ಒಂದು ತೀರ್ಮಾನಕ್ಕೆ ಬಂದ. ಇವಳಿಗೆ ಒಂದು ಸ್ಟೀರಿಯೋ ಮಾಡಿಕೊಡಬೇಕು. ಕೊಂಡು ತರುವುದಲ್ಲ, ತಾನೇ ಮಾಡಬೇಕು. ಹಾಡುವವರು ನಡುವೆ, ಪಿಟೀಲು ಒಂದು ಕಡೆ, ತಬಲ ಇನ್ನೊಂದು ಕಡೆ, ಇವಳು ಎದುರಿಗೆ ಮಹಾರಾಣಿಯ ಹಾಗೆ ಕೂತು ಕೇಳಬೇಕು.

ಇದನ್ನೆಲ್ಲ ಅವನು ಪ್ರಮೀಳಾಳಿಗೂ ಹೇಳಿದ. ಸ್ಟೀರಿಯೋಗೆ ಎರಡು ಕಿವಿ ಬೇಕು ಅನ್ನುವುದು ಅವನು ಹೇಳಿದ್ದರಲ್ಲೇ ಇತ್ತು. ಬೇಡ ಅನ್ನಲು ಕಾರಣ ಹೇಳಬೇಕಾಗುತ್ತದೆ. ಅವಳು ಆಗಲಿ ಅಂದಳು.

ಟ್ರಾನ್ಸ್‌ಫಾರ್ಮರ್ ಸುತ್ತಿಸಿದ್ದು ಮೈಸೂರಿನಲ್ಲಿ. ಬಡಗಿ ಚಿಕ್ಕಬಸಪ್ಪ ಹಲಸಿನ ಹಲಗೆಯಲ್ಲಿ ಎರಡು ಸ್ಪೀಕರ್ ಪೆಟ್ಟಿಗೆ ಮಾಡಿಕೊಟ್ಟ. ಅಲ್ಯೂಮಿನಿಯಂ ತಗಡನ್ನು ಲಿಂಗರಾಜುವೇ ಬಗ್ಗಿಸಿ, ಅರ ಹಾಕಿ ಉಜ್ಜಿ, ಮುಂದೆ ಮೂರು ತಿರುಗಿಸುವ ಗುಂಡಿ ಕೂರಿಸಿದ. ಎಲ್ಲ ಮುಗಿದ ಮೇಲೆ ಉಳಿದದ್ದು ಒಂದೇ. ಪೆಟ್ಟಿಗೆಗಳಿಂದ ಬರುವ ವೈರನ್ನು ಆಂಪ್ಲಿಫೈಯರಿನ ಬೆನ್ನಿಗೆ ಯಾವುದರಿಂದ ಸಿಕ್ಕಿಸುವುದು? ಮೈಕ್ ಸೆಟ್ಟಿನವರೆಲ್ಲ ಮಾಡುವ ಹಾಗೆ ಅವನೂ ಮೊದಲು ಕರೆಂಟಿನ ಟೂ ಪಿನ್ ಸಾಕೆಟ್ಟನ್ನೇ ಹಾಕಿದ.

ಭಾನುವಾರ ಬೆಳಿಗ್ಗೆ ನಡುಮನೆಯ ಆಚೆಗೊಂದು ಈಚೆಗೊಂದು ಪೆಟ್ಟಿಗೆ ಇಟ್ಟು, ನಡುವೆ ಚಾಪೆ ಹಾಸಿ ಹೆಂಡತಿಯನ್ನು ಕೂರಿಸಿ ಕ್ಯಾಸೆಟ್ ಹಾಕಿದ. ಪ್ರಮೀಳಾಳಿಗೆ ಮೈ ಜುಮ್ಮೆಂದಿತು. ಅಷ್ಟು ತುಂಬಿದ ದನಿಯನ್ನು ಅವಳು ಕೇಳಿಯೇ ಇರಲಿಲ್ಲ. ಆ ಸಂತೋಷದಲ್ಲೇ ಯಾಮಾರಿದಳು. ಸದ್ದು ಎಲ್ಲಿಂದ ಬರುತ್ತಿದೆ ಎಂದು ಅವನು ಕೇಳಿದಾಗ ಬಲಗಡೆಗೆ ಕೈ ತೋರಿಸಿಬಿಟ್ಟಳು. ಎಲ್ಲ ಇತ್ತಲಿಂದಲೇ ಬರುತ್ತಿದೆ ಅಂದಳು.

ಲಿಂಗರಾಜುವಿನ ಮುಖ ಸಣ್ಣಗಾಯಿತು. ಎಡಗಡೆಯ ಪಿನ್ನು ಸಡಿಲ, ಟೂ ಪಿನ್ನಿನ ಹಣೆಬರಹವೇ ಇಷ್ಟು ಅಂದುಕೊಂಡ. ಅಲ್ಲದೆ ಅಮ್ಮ ಯಾವತ್ತಾದರೂ ಗೋಡೆಯ ಕರೆಂಟಿಗೇ ಸ್ಪೀಕರನ್ನು ಚುಚ್ಚಿಬಿಟ್ಟರೆ ಸುಟ್ಟೇ ಹೋಗುತ್ತದೆ. ಅದನ್ನು ಕಿತ್ತು, ಒತ್ತಿದರೆ ಬಾಯಿ ಬಿಟ್ಟು ವೈರನ್ನು ಕಚ್ಚಿಕೊಳ್ಳುವ ಕ್ಲಿಪ್ಪು ಹಾಕಿದ.

ಮುಂದಿನ ವಾರ ಪ್ರಮೀಳಾ ಉತ್ತರ ಸಿದ್ಧ ಮಾಡಿಕೊಂಡೇ ಕೂತಿದ್ದಳು. ಎರಡೂ ಕಡೆಯಿಂದ ಸಮನಾಗಿ ಬರುತ್ತಿದೆ ಅಂದಳು. ರಿಪೇರಿಯವನು ಬಿಟ್ಟಾನೆಯೇ? ಪರೀಕ್ಷೆಗೆಂದು, ಸದ್ದನ್ನು ಎಡಬಲಕ್ಕೆ ಹಂಚುವ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿಟ್ಟಿದ್ದ. ಬಲಗಡೆಯ ಪೆಟ್ಟಿಗೆ ಉಸಿರೇ ಬಿಡುತ್ತಿರಲಿಲ್ಲ. ಕ್ಲಿಪ್ಪುಗಳು ತೀರಾ ಒತ್ತಾಗಿವೆ, ವೈರಿನ ಎಳೆ ಎಲ್ಲೋ ತಾಗಿ ಸದ್ದು ಆಚೆಯಿಂದ ಈಚೆಗೆ ಸೋರುತ್ತಿದೆ ಎಂದು ಅವನು ತಲೆ ಕೆರೆದುಕೊಂಡ. ಹೆಂಡತಿಯ ಮಾತನ್ನು ಇಷ್ಟು ನಂಬುವ ಗಂಡಸರು ಊರಿಗೊಬ್ಬರೂ ಸಿಗುವುದಿಲ್ಲ. ಸಿಕ್ಕರೆ ಹೀಗೆ ಒದ್ದಾಡುತ್ತಾರೆ.

ಒಂದು ದಿನ ಅಂಗಡಿ ಮುಚ್ಚಿ ಮೈಸೂರಿಗೆ ಹೋಗಿ ನಾಲ್ಕು ಬನಾನಾ ಪಿನ್ನುಗಳನ್ನೂ ಅವು ಬಿಗಿಯಾಗಿ ಕೂರುವ ಸಾಕೆಟ್ಟುಗಳನ್ನೂ ತಂದ. ಎರಡು ಕೆಂಪು, ಎರಡು ಕಪ್ಪು, ಒಳಗೆ ಗಟ್ಟಿ ಹಿತ್ತಾಳೆ. ಒಂದಕ್ಕೂ ಇನ್ನೊಂದಕ್ಕೂ ಎರಡು ಬೆರಳು ಅಂತರ ಬಿಟ್ಟು ತೂತು ಕೊರೆದು, ಮೂಗುತಿಗೆ ಹರಳು ಕೂರಿಸುವ ಅಕ್ಕಸಾಲಿಯ ಹಾಗೆ ಉಸಿರು ಬಿಗಿಹಿಡಿದು ಬೆಸುಗೆ ಹಾಕಿದ. ಈ ಸಲ ಹೆಂಡತಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದ. ಹೋದ ಸಲ ಎಡಕ್ಕೆ ತಿರುಗಿಸಿದ್ದವನು ಈ ಸಲ ಬಲಕ್ಕೇ ತಿರುಗಿಸಿರುತ್ತಾನೆ ಎಂದು ಲೆಕ್ಕ ಹಾಕಿ ಅವಳು ಬಲಗಡೆ ಅಂದಳು. ಹಾಡುತ್ತಿದ್ದದ್ದು ಎಡಗಡೆಯದು.

ಲಿಂಗರಾಜು ಕ್ಯಾಸೆಟ್ ನಿಲ್ಲಿಸಿದ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಬೆಸುಗೆ ಕಡ್ಡಿ, ಮೀಟರು, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದ. ಪ್ರಮೀಳಾ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಅಂಗಡಿಯನ್ನು ಎಸ್‌ಟಿಡಿ ಬೂತ್ ಇಡುವವರಿಗೆ ಬಿಟ್ಟುಕೊಡುತ್ತೇನೆ ಅಂದ. ಇಂಥದೇ ಸೆಟ್ಟು ಬೇಕೆಂದಿದ್ದ ಸರಗೂರಿನ ಹೋಟೆಲಿನವರಿಗೂ ಆಗುವುದಿಲ್ಲ ಅಂತ ಹೇಳಿ ಬಂದಿದ್ದ.

“ನನ್ ಕಿವಿ ಓಯ್ತು ಕಣಮ್ಮಿ,” ಅಂದ. “ನಂಗೆ ಎಡಗಡೆ ಅನ್ಸೋದು ನಿಂಗೆ ಬಲಗಡೆ ಕೇಳ್ತದೆ. ಮುದ್ದಯ್ಯಂಗೆ ಆದಂಗೇ ಆಯ್ತು. ಕಿವಿ ಇಲ್ದೋನು ರೇಡಿಯೋ ಬಿಚ್ಚಬಾರ್ದು.”

ಮುದ್ದಯ್ಯ ಅವನಿಗೆ ಕೆಲಸ ಕಲಿಸಿದ ಮೈಕ್ ಸೆಟ್ಟಿನವನು. ಹಾರನ್ನಿನ ಕೆಳಗೆ ನಿಂತು ನಿಂತು ಐವತ್ತಕ್ಕೆಲ್ಲ ಪೂರ್ತಿ ಕಿವುಡನಾದ. ಲಿಂಗರಾಜುವೂ ಹತ್ತು ವರ್ಷ ಅದೇ ಹಾರನ್ನಿನ ಕೆಳಗೆ ನಿಂತಿದ್ದವನೇ. ಊರವರ ಸೆಟ್ಟುಗಳಲ್ಲಿ ಕೂದಲೆಳೆಯಷ್ಟು ದೋಷವನ್ನೂ ಹುಡುಕಿ ತೆಗೆಯುವವನಿಗೆ ತನ್ನ ಮನೆಯ ಚಾಪೆಯ ಮೇಲಿನ ದೋಷ ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಪ್ರಮೀಳಾಳ ಕೈ ನಿಂತಿತು. ತಾಯಿಯ ಮಾತು ನೆನಪಾಯಿತು. ಈಗಲೂ ಸುಮ್ಮನಿದ್ದರೆ ಗುಟ್ಟು ಉಳಿಯುತ್ತದೆ. ಆದರೆ ಆ ಚೀಲ ಅಲ್ಲಿ ಹೊಸ್ತಿಲ ಮೇಲೆ ಕೂತಿತ್ತು. ಅವನ ಬದುಕೆಲ್ಲ ಅದರಲ್ಲಿತ್ತು. ಅವಳಿಗೆ ಸಂಕಟ ತಡೆಯಲಾಗಲಿಲ್ಲ.

“ನಿಮ್ ಕಿವಿ ಸರಿಯಾಗೇ ಅದೆ,” ಅಂದಳು. “ಕೆಟ್ಟಿರೋದು ನಂದು. ಎಡಗಿವಿ. ಆರನೇ ವರ್ಸದಿಂದ ಕೇಳಾಕಿಲ್ಲ. ನಮ್ಮವ್ವ ಯೋಳ್‌ಬ್ಯಾಡ ಅಂದಿತ್ತು.”

ಅವನು ನಂಬಲಿಲ್ಲ. ಎದ್ದು ಅವಳ ಎಡಕ್ಕೆ ಹೋಗಿ ನಿಂತ. ಮೆಲ್ಲಗೆ ಕರೆದನೋ ಏನೋ, ಅವಳು ಅವರೆಕಾಳಿನ ಬೋಗುಣಿಯನ್ನೇ ನೋಡುತ್ತ ಕೂತಿದ್ದಳು. ಮತ್ತೆ ಅವನು ಕಣ್ಣ ಮುಂದೆ ಬಂದಾಗ ಬೈಗುಳ ಬರುತ್ತದೆ ಅಂದುಕೊಂಡಳು. ಸೀರೆ ಬಟ್ಟೆ ಮಡಿಸಿಕೋ ಅನ್ನುತ್ತಾನೆ ಅಂದುಕೊಂಡಳು.

ಲಿಂಗರಾಜು ಎಡಗಡೆಯ ಪೆಟ್ಟಿಗೆಯನ್ನು ಎತ್ತಿ ತಂದು ಬಲಗಡೆಯದರ ಪಕ್ಕದಲ್ಲಿ, ಅವಳ ಬಲಕ್ಕೆ ಇಟ್ಟ. ಪಿನ್ನು ಸಿಕ್ಕಿಸಿ ಕ್ಯಾಸೆಟ್ ಹಾಕಿದ. ಪಿಟೀಲೂ ತಬಲವೂ ಒಟ್ಟಿಗೆ ಬಂದವು. ಪ್ರಮೀಳಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎಲ್ಲ ಕೇಳಿಸುತ್ತಿದೆ ಅಂದಳು. ಅದು ಅವನ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಬೇರೆ ಏನನ್ನೋ ಯೋಚಿಸುತ್ತಿದ್ದ. ಸದ್ದು ತಗ್ಗಿಸಿ ಕೇಳಿದ.

“ಅಂಗಾದ್ರೆ ಆವತ್ತು ಆಸ್ಪತ್ರೇಲಿ ನಾನಂದದ್ದು ನಿಂಗೆ ಕೇಳಿಸ್ನಿಲ್ವಾ?”

ಮದುವೆಯಾದ ಎರಡನೇ ವರ್ಷ ಅವಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿ, ಮಗು ಉಸಿರಿಲ್ಲದೆ ಹುಟ್ಟಿತ್ತು. ಆಸ್ಪತ್ರೆಯ ಮಂಚ ಬಲಗಡೆಯ ಗೋಡೆಗೆ ತಾಗಿತ್ತು. ಲಿಂಗರಾಜು ಎಡಗಡೆಯಿಂದ ಬಂದು ಬಗ್ಗಿ ಪಿಸುದನಿಯಲ್ಲಿ ಏನೋ ಹೇಳಿದ್ದ. ತುಟಿ ಅಲ್ಲಾಡಿದ್ದು ಕಂಡಿತ್ತು, ಮಾತು ಕೇಳಿಸಿರಲಿಲ್ಲ. ಇನ್ನೊಂದು ಸಲ ಕೇಳಲು ಹೆದರಿ ತಲೆಯಾಡಿಸಿದ್ದಳು. ಆಮೇಲೆ ಅವನು ಮಗುವಿನ ಮಾತನ್ನೇ ಎತ್ತಲಿಲ್ಲ. ಅದನ್ನು ಸಿಟ್ಟು ಅಂದುಕೊಂಡಳು. ನೀನೇ ನನ್ನ ಮಗುವನ್ನು ಕಳೆದೆ ಎಂದು ಅವತ್ತು ಅಂದಿರಬೇಕು, ನಾನು ಹೌದು ಎಂದು ತಲೆಯಾಡಿಸಿರಬೇಕು ಎಂದುಕೊಂಡೇ ಒಂಬತ್ತು ವರ್ಷ ಅವನಿಗೆ ಊಟ ಬಡಿಸಿದ್ದಳು.

“ಇಲ್ಲ,” ಅಂದಳು. “ಏನಂದ್ರಿ?”

ಲಿಂಗರಾಜು ಸುತ್ತಿಕೊಂಡು ಬಂದು ಅವಳ ಬಲಕ್ಕೆ ಕೂತ.

“ಮಗ ಓಯ್ತು ಅಂತ ಅಳ್‌ಬ್ಯಾಡ ಅಂದೆ. ನೀನು ಉಳ್ಕಂಡ್ಯಲ್ಲ, ನಂಗೆ ಅಷ್ಟೇ ಸಾಕು ಅಂದೆ ಕಣಮ್ಮಿ.”

ಪ್ರಮೀಳಾಳಿಗೆ ಒಂದಕ್ಷರ ಬಿಡದೆ ಕೇಳಿಸಿತು. ಆದರೂ, ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಅಂದಳು.