ಬೀಗದ ಕೈ ವಾಪಸ್ ಇಟ್ಟ ದೊಡ್ಡಮ್ಮ

ದೊಡ್ಡಮ್ಮ ಮೂವತ್ತೆರಡು ವರ್ಷ ಬೇರೆಯವರ ಮನೆ ಗುಡಿಸಿ ಒರೆಸಿದವಳು. ಯಾರ ಮನೆಯಲ್ಲೂ ಒಂದು ಸೂಜಿ ಆಚೀಚೆ ಆದದ್ದಿಲ್ಲ. ಧೂಳು ಒರೆಸಲು ಹೂದಾನಿ ಎತ್ತಿದರೆ, ಅದು ಮೊದಲು ಕೂತಿದ್ದ ದುಂಡು ಗುರುತಿನ ಮೇಲೇ ಮತ್ತೆ ಕೂರಬೇಕು. ಕೈಗೆ ಅದೇ ರೂಢಿ. ಈಗ ಮಂಡಿ ಹಿಡಿದುಕೊಂಡು, ಕೆಲಸ ಬಿಟ್ಟು ತಂಗಿಯ ಮನೆಯಲ್ಲಿದ್ದಳು.

ತಂಗಿಯ ಮಗಳದ್ದೊಂದು ವಿಚಿತ್ರ ಕಸುಬು. ಟಿವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆ ಇರುತ್ತದಲ್ಲ, ಅದಕ್ಕೆ ಆಟ ಕಟ್ಟುವುದು. ಹಿಂದಿನ ಕೋಣೆಯಲ್ಲಿ ಗೆಳತಿಯ ಜೊತೆ ಕೂತು ಮೂರು ವರ್ಷದಿಂದ ಒಂದೇ ಆಟ ಕಟ್ಟುತ್ತಿದ್ದಳು. ಪರದೆಯಲ್ಲಿ ಒಂದು ದೊಡ್ಡ ಮನೆ. ಅದರೊಳಗೆ ಒಂದು ಪುಟ್ಟ ಕೈ ಓಡಾಡುತ್ತದೆ. ಬೇಕಾದ ವಸ್ತುವಿನ ಮೇಲೆ ಕೈ ಇಟ್ಟು ಗುಂಡಿ ಒತ್ತಿದರೆ ಅದು ಚೀಲಕ್ಕೆ ಬೀಳುತ್ತದೆ. ಹೀಗೆ ಒಂದೊಂದೇ ಕೂಡಿಸಿಕೊಂಡು, ಬಾಗಿಲು ತೆಗೆದುಕೊಂಡು, ಕಾಣೆಯಾದ ಮನೆಯೊಡತಿಯನ್ನು ಹುಡುಕಬೇಕು.

ಪೆಟ್ಟಿಗೆ ಮಾಡುವ ಕಂಪನಿಯವರು ಎರಡು ಸಲ ಆಟವನ್ನು ಹಿಂದಕ್ಕೆ ಕಳಿಸಿದ್ದರು. ನಡುವೆ ಎಲ್ಲೋ ಕಲ್ಲಾಗಿ ನಿಂತುಬಿಡುತ್ತದಂತೆ. ಎಲ್ಲಿ ಅಂತ ಬರೆದಿರಲಿಲ್ಲ. ಇನ್ನೊಂದು ಸಲ ನಿಂತರೆ ಮುಟ್ಟುವುದೇ ಇಲ್ಲ ಅಂದಿದ್ದರು. ಹುಡುಗಿಯರಿಬ್ಬರೂ ನೂರು ಸಲ ಆಡಿದರೂ ಅದು ನಿಲ್ಲಲೊಲ್ಲದು.

"ದೊಡ್ಡಮ್ಮ, ನೀನೊಂದ್ಸಲ ಆಡು. ನಮಗೆ ಬಾಯಿಪಾಠ ಆಗ್ಹೋಗಿದೆ, ತಪ್ಪು ಕಣ್ಣಿಗೇ ಬೀಳ್ತಿಲ್ಲ," ಅಂದಳು ತಂಗಿಯ ಮಗಳು.

"ಪೊರಕೆ ಹಿಡಿದ ಕೈಗೆ ಇದೇನೇ ಕೊಡ್ತೀಯ?" ಅಂದರೂ ಕೂತಳು. ಪುಟ್ಟ ಕೈ ತಡವರಿಸುತ್ತಾ ಹೋಗಿ ಮೇಜಿನ ಡ್ರಾಯರ್ ಎಳೆಯಿತು. ಒಳಗೆ ಬೀಗದ ಕೈ.

"ತಗೋ ದೊಡ್ಡಮ್ಮ."

"ಯಾರದ್ದಿದು?"

"ಮನೆಯೊಡತೀದು."

"ಅವಳಿಲ್ಲದಾಗ ಡ್ರಾಯರಿಗೆ ಕೈ ಹಾಕೋದಾ? ಚೆನ್ನಾಗಿ ಕಲಿಸ್ತೀಯ ಕಣೇ ಜನಕ್ಕೆ!"

"ಅಯ್ಯೋ, ಅವಳನ್ನ ಹುಡುಕೋಕೇ ತಾನೇ? ತಗೊಳ್ದಿದ್ರೆ ಆಟ ಮುಂದಕ್ಕೆ ಹೋಗಲ್ಲ."

ಒಲ್ಲದ ಮನಸ್ಸಿನಿಂದ ತೆಗೆದುಕೊಂಡಳು. ಮಹಡಿಯ ಬಾಗಿಲು ತೆರೆಯಿತು. ಒಳಗೆ ಹೋಗುವುದು ಬಿಟ್ಟು ಪುಟ್ಟ ಕೈ ಮೆಟ್ಟಿಲಿಳಿಯತೊಡಗಿತು.

"ಎಲ್ಲಿಗೆ ಹೊರಟೆ?"

"ಬಾಗಿಲು ತೆಗೆದಾಯ್ತಲ್ಲ. ಇದ್ದ ಜಾಗದಲ್ಲಿ ಇಟ್ಟು ಬರ್ತೀನಿ, ಇರು."

ಡ್ರಾಯರ್ ಎಳೆದು, ಬೀಗದ ಕೈ ಒಳಗಿಟ್ಟು, ಗುಂಡಿ ಒತ್ತಿದಳು. ಅಷ್ಟೇ. ಪುಟ್ಟ ಕೈ ಅಲ್ಲೇ ಸಿಕ್ಕಿಕೊಂಡಿತು. ಯಾವ ಗುಂಡಿ ಒತ್ತಿದರೂ ಮಿಸುಕಲಿಲ್ಲ.

ಅಷ್ಟು ವರ್ಷ ಒಂದು ಲೋಟ ಒಡೆಯದವಳು, ಈಗ ಮನೆಮಗಳ ಮೂರು ವರ್ಷದ ದುಡಿಮೆಯನ್ನೇ ಕೆಡಿಸಿದೆನಲ್ಲ ಅಂತ ದೊಡ್ಡಮ್ಮ ಗುಂಡಿಗಳಿಂದ ಕೈ ತೆಗೆದುಬಿಟ್ಟಳು. "ನಾ ಮೊದಲೇ ಬೇಡ ಅಂದೆ ಕಣೇ..."

ಹುಡುಗಿ ಅವಳ ಎರಡೂ ಕೆನ್ನೆ ಹಿಡಿದುಕೊಂಡಳು. "ಕೆಡಿಸಿಲ್ಲ ದೊಡ್ಡಮ್ಮ, ಸಿಕ್ತು! ಇಷ್ಟು ದಿನ ಬರೀ ತಗೊಳ್ತಾ ಬಂದ್ವಿ. ತಗೊಂಡಿದ್ದನ್ನ ವಾಪಸ್ ಇಡ್ಬೇಕು ಅಂತ ನಮ್ಮಿಬ್ಬರಲ್ಲಿ ಒಬ್ಬಳಿಗೂ ಹೊಳೀಲಿಲ್ಲ ನೋಡು."

ಅದನ್ನು ಸರಿಮಾಡಲು ಎರಡು ದಿನ ಹಿಡಿಯಿತು. ಮೂರನೇ ದಿನ, ಆಟ ಕಳಿಸುವ ಮುಂಚೆ, ಹುಡುಗಿ ಬಂದು ಪಕ್ಕದಲ್ಲಿ ಕೂತಳು.

"ಯಾರಾದ್ರೂ ನಿನ್ನ ಹಾಗೆ ವಾಪಸ್ ಇಟ್ರೆ, ಕೊನೇಲಿ ಮನೆಯೊಡತಿ ಅವರಿಗೆ ಏನು ಹೇಳ್ಬೇಕು?"

ದೊಡ್ಡಮ್ಮ ತಾನು ಗುಡಿಸಿದ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದಳು.

"ಏನೂ ಹೇಳಲ್ಲ ಮಗಾ. ಯಾರೂ ಹೇಳಿದ್ದಿಲ್ಲ. ಆದ್ರೆ ಊರಿಗೆ ಹೋಗೋವಾಗ ಮನೆ ಬೀಗದ ಕೈ ತಂದು ನನ್ನ ಕೈಲೇ ಕೊಡ್ತಿದ್ರು."

ಹುಡುಗಿ ಎದ್ದು ಹೋಗಿ ಆಟದ ಕೊನೆಯನ್ನು ಹಾಗೇ ಮಾಡಿದಳು: ಮನೆಯೊಡತಿ ಏನೂ ಹೇಳದೆ ಬೀಗದ ಕೈ ತಂದು ಆ ಪುಟ್ಟ ಕೈಯಲ್ಲಿ ಇಡುತ್ತಾಳೆ.