ಬಾಣಂತಿ ಕೋಣೆಯ ಕಿಡಕಿ ತೆರೆಯಲು ಹೋದ ದಾರಿ

ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸು ಹತ್ತಿದಾಗ ಇನ್ನೂ ಮುಂಜಾನೆಯ ಚಹಾದ ಹೊತ್ತು. ಆಗಲೇ ಕಿಡಕಿಯ ಸರಳು ಕೈಗೆ ಬೆಚ್ಚಗೆ ಹತ್ತುತ್ತಿತ್ತು. ನಾನು ಗೌಂಡಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟೆ. ಆದರೆ ನಾನು ಕಟ್ಟಿದ ಗೋಡೆಗೆ ಯಾರಾದರೂ ದಾರ ಹಿಡಿದು ನೋಡಲಿ, ಕೂದಲೆಳೆಯಷ್ಟೂ ಸೊಟ್ಟ ಸಿಗುವುದಿಲ್ಲ. ಚೀಲದಲ್ಲಿ ಸುತ್ತಿಗೆ, ಉಳಿ, ಸುಣ್ಣದ ಬ್ರಷ್ಷು ಇದ್ದವು. ಮೇಲೆ ಒಂದಿಷ್ಟು ಇಂಡಿಯ ನಿಂಬೆಹಣ್ಣು. ಹೊರಟದ್ದು ಮಾತ್ರ ಕೆಲಸಕ್ಕಲ್ಲ, ತಂಗಿಯ ಮನೆಗೆ.

ತಂಗಿ ಶಾಂತವ್ವನ ಮನೆ ಮುದ್ದೇಬಿಹಾಳದ ಹತ್ತಿರದ ಒಂದು ಹಳ್ಳಿಯಲ್ಲಿ. ಅವಳ ಮಗಳು ರೇಣುಕಾ ದವಾಖಾನೆಯಲ್ಲಿ ಹೆತ್ತು, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹಿಂದಿನ ಸಂಜೆ ತಂಗಿಯ ಫೋನ್ ಬಂತು.

"ಅಣ್ಣಾ, ಕೂಸಿನ ಮೈ ಸುಡಾಕತ್ತೈತಿ. ಹಾಲೂ ಸರಿಯಾಗಿ ಕುಡೀವಲ್ದು. ಥಂಡಿ ಹೊಕ್ಕೈತಿ. ಹೊರಸಿನ ಬುಡಕ ಇನ್ನೊಂದು ಬೋಗಾಣಿ ಕೆಂಡ ಇಟ್ಟೇನಿ."

ನಮ್ಮ ಮನೆತನದಲ್ಲಿ ಬಾಣಂತಿಯ ಕೋಣೆಯ ಕಿಡಕಿ ಮುಚ್ಚಿ, ಕಿವಿಗೆ ಅರಿವೆ ಕಟ್ಟಿ, ಮಲಗುವ ಹೊರಸಿನ ಕೆಳಗೆ ಕೆಂಡವಿಟ್ಟು ಮೈ ಕಾಸುತ್ತಾರೆ. ಹೊಟ್ಟೆ ದಪ್ಪಗಾಗುತ್ತದೆಂದು ಅವಳಿಗೆ ನೀರನ್ನೂ ಗುಟುಕು ಗುಟುಕು ಕೊಡುತ್ತಾರೆ. ಚಳಿಗಾಲದಲ್ಲಿ ಹೇಗೋ ನಡೆದೀತು. ಈಗಿನ ಬೇಸಿಗೆಗೆ, ಅದೂ ತಗಡಿನ ಮಾಡಿನ ಕೆಳಗೆ? ಆ ವಾರವಷ್ಟೇ ನಾನು ಒಂದು ಆರೋಗ್ಯ ಕೇಂದ್ರದ ಮಾಳಿಗೆಗೆ ಬಿಳಿ ಸುಣ್ಣ ಬಳಿದಿದ್ದೆ. ಒಳಗಿನ ಹೆರಿಗೆ ಕೋಣೆ ತಣ್ಣಗಿರಲೆಂದು. ಕೂಸುಗಳು ಬಿಸಿಲ ಝಳಕ್ಕೆ ಬೇಗ ಬಾಡುತ್ತವೆ ಎಂದು ಅಲ್ಲಿನ ಸಿಸ್ಟರ್ ಹೇಳಿದ್ದರು.

ನಾನು ಅದನ್ನೇ ಹೇಳಿದೆ. ಕೆಂಡ ತೆಗೆ, ದವಾಖಾನೆಗೆ ಒಯ್ಯಿ ಎಂದೆ.

"ನೀ ಗ್ವಾಡಿ ಕಟ್ಟಪಾ. ಬಾಣಂತಿ ವಿಚಾರ ಗಂಡಸರಿಗೇನ ತಿಳೀತೈತಿ? ಆಶಾ ಕಾರ್ಯಕರ್ತಿನೂ ಹಂಗ ಅಂದು ಹೋಗ್ಯಾಳ. ಗಂಗಕ್ಕ ಹೇಳಿದ್ರ ಮಾತ್ರ ತಗೀತೇನಿ."

ಗಂಗಕ್ಕ ನಮ್ಮೆಲ್ಲರ ಹಿರಿಯಕ್ಕ, ಕನ್ನೊಳ್ಳಿಯಲ್ಲಿರುತ್ತಾಳೆ. ಮನೆತನದ ಬಾಣಂತನಗಳೆಲ್ಲ ಅವಳ ಕೈಯಲ್ಲೇ ಆದವು. ಕಿವಿ ಮಂದ, ಫೋನಿನಲ್ಲಿ ತಿಳಿಸಿ ಹೇಳುವಂತಿರಲಿಲ್ಲ. ಅದಕ್ಕೇ ಅವಳನ್ನು ಕರೆದೊಯ್ಯಲು ಹೊರಟಿದ್ದೆ.

ಸಿಂದಗಿಯಲ್ಲಿ ಇಳಿದು ಟಂಟಂ ಆಟೋದಲ್ಲಿ ಕನ್ನೊಳ್ಳಿಗೆ ಹೋದೆ. ಅಕ್ಕ ಚೀಲ ಕಟ್ಟಿಕೊಂಡು ತಕ್ಷಣ ಎದ್ದಳು, ಆದರೆ ನನ್ನ ಮಾತಿಗೆ ಒಪ್ಪಿ ಅಲ್ಲ. ಸಿಂದಗಿಗೆ ಮರಳಿ ಬಂದಾಗ ಮುದ್ದೇಬಿಹಾಳದ ನೇರ ಬಸ್ಸು ಹೋಗಿಬಿಟ್ಟಿತ್ತು. ಬಸವನ ಬಾಗೇವಾಡಿ ಬಸ್ಸು ಹಿಡಿದೆವು.

"ಅಕ್ಕಾ, ಕೆಂಡ ತಗಸಬೇಕು," ಎಂದು ಅವಳ ಕಿವಿಯಲ್ಲಿ ಒದರಿದೆ.

"ತಗದ್ರ ಬಾಣಂತಿಗಿ ಸನ್ನಿ ಆಗ್ತೈತಿ. ಊರ ತುಂಬ ಬಾಣಂತನ ಮಾಡೇನಿ ನಾ. ನೀ ಎಷ್ಟ ಮಾಡೀದಿ, ಹೇಳು?"

ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರ್, "ಸೋತ್ರಿ ಕಾಕಾ, ಸುಮ್ಮ ಕುಂದರ್ರಿ," ಅಂದ. ನಾನೂ ನಕ್ಕೆ, ಆದರೆ ಮನಸ್ಸು ಆ ಕೋಣೆಯಲ್ಲಿತ್ತು.

ಕಿಡಕಿಯಿಂದ ಬರುತ್ತಿದ್ದುದು ಗಾಳಿಯಲ್ಲ, ಒಲೆಯ ಬಾಯಿ ತೆರೆದಂತಹ ಝಳ. ನೀರಿನ ಬಾಟಲಿ ಮುಂದೆ ಹಿಡಿದೆ. ಅಕ್ಕ ಕೈಯಿಂದ ಸರಿಸಿದಳು. "ಬ್ಯಾಡ. ಕುಡದ್ರ ನಡುವ ಎಲ್ಲಿ ಇಳೀಲಿ ನಾ? ನಿಮಗ ಗಂಡಸರಿಗೇನ, ಬಸ್ ನಿಂತ್ರ ಒಂದು ಗಿಡ ಸಾಕು." ನಾನು ಬಾಟಲಿ ತಿರುಗಿ ಚೀಲಕ್ಕೆ ಹಾಕಿದೆ.

ಬಾಗೇವಾಡಿಯಲ್ಲಿ ಇಳಿಯುವಾಗ ಅವಳು ನನ್ನ ತೋಳು ಹಿಡಿದಳು. ಹಿಡಿದ ಕೈ ಸಡಿಲಾಗಿ ಕಟ್ಟೆಯ ಮೇಲೆ ಕುಸಿದಳು. ಹಣೆ ಒಣಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಬಾಳೆಹಣ್ಣು ಮಾರುವ ಹೆಣ್ಣುಮಗಳು ತನ್ನ ಕೊಡದ ನೀರನ್ನೆಲ್ಲ ಅವಳ ತಲೆಗೆ, ಮೈಗೆ ಸುರಿದಳು. ಆಟೋದಲ್ಲಿ ದವಾಖಾನೆಗೆ ಒಯ್ದೆ. ಬಿಸಿಲು ಬಡಿದವರಿಗೆಂದೇ ಅಲ್ಲಿ ಕೂಲರ್ ಹಚ್ಚಿದ ಕೋಣೆ ಇತ್ತು. ಒದ್ದೆ ಅರಿವೆ ಹೊದಿಸಿದರು, ಸಲೈನ್ ಏರಿಸಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಕ್ಕ ಸರಿಯಾಗಿ ಕಣ್ಣು ಬಿಟ್ಟಳು. "ಆಯಿ, ಇವತ್ತ ನೀರ ಎಷ್ಟ ಕುಡದೀರಿ?" ಎಂದು ಸಿಸ್ಟರ್ ಜೋರಾಗಿ ಕೇಳಿದರು.

"ಮುಂಜಾನೆ ಚಾ ಕುಡದೇನಲ್ಲವಾ."

ಆಮೇಲೆ ಕೈ ಮಾಡಿ ನನ್ನನ್ನು ಹತ್ತಿರ ಕರೆದಳು.

"ತಮ್ಮಾ, ಒಳಗ ಜೀವ ಕುದ್ದಂಗಾತು. ನಾ ಆದ್ರ ಬಾಯಿ ಬಿಟ್ಟು ಹೇಳೇನು. ಕೂಸು ಏನಂದೀತು? ಫೋನ್ ಹಚ್ಚು."

ಹಚ್ಚಿ ಕೊಟ್ಟೆ. ಕೋಣೆಯ ರೋಗಿಗಳೆಲ್ಲ ಎದ್ದು ಕೂರುವಂತೆ ಒದರಿದಳು: "ಶಾಂತಾ! ಕೆಂಡ ಹೊರಗ ಚೆಲ್ಲು. ಕಿಡಕಿ ತಗಿ. ರೇಣುಕಾಗ ಹೊಟ್ಟಿ ತುಂಬ ನೀರ ಕೊಡು. ಕೂಸಿಗಿ ಸುತ್ತಿದ್ದೆಲ್ಲಾ ಬಿಚ್ಚಿ ದವಾಖಾನಿಗಿ ಓಡು! ನೀ ಏನ ಅಂತೀಯೋ ನನಗ ಕೇಳ್ಸೂದಿಲ್ಲ. ಹೇಳಿದ್ದ ಮಾಡು!"

ಡಾಕ್ಟರು ಬೇಡವೆಂದರೂ ಅಕ್ಕ ನಿಲ್ಲಲಿಲ್ಲ. ಕೊನೆಗೆ ಅವರೇ ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣ ಕೊಟ್ಟು, ಬಿಸಿಲು ಇಳಿದ ಮೇಲೆ ಹೋಗಲು ಹೇಳಿದರು. ಸಂಜೆಯ ಬಸ್ಸಿನಲ್ಲಿ ಮುದ್ದೇಬಿಹಾಳ ಮುಟ್ಟಿದೆವು. ಕೂಸು ಅಲ್ಲಿನ ದವಾಖಾನೆಯಲ್ಲಿತ್ತು, ಕೈಗೆ ಸಣ್ಣ ಸೂಜಿ. ರೇಣುಕಾಳ ತುಟಿಗಳು ಒಡೆದಿದ್ದವು.

"ದೊಡ್ಡವ್ವಾ, ನೀರ ಕೇಳಿ ಕೇಳಿ ಸಾಕಾತು ನನಗ. ನೀ ಬೈತೀ ಅಂತ ಅವ್ವ ಕೊಡಲೇ ಇಲ್ಲ."

ಅಕ್ಕನಿಗೆ ಆ ಮಾತು ಕೇಳಿಸಿತು. ಅವಳಿಗೆ ಕೇಳಿಸಬಾರದಿತ್ತು ಎಂದು ನನಗೆ ಅನಿಸಿತು. ಡಾಕ್ಟರು, ಇನ್ನೊಂದು ರಾತ್ರಿ ಆ ಕೋಣೆಯಲ್ಲಿ ಇಟ್ಟಿದ್ದರೆ ಕಷ್ಟವಿತ್ತು ಎಂದಷ್ಟೇ ಹೇಳಿದರು.

ಮರುದಿನ ತಂಗಿಯ ಮನೆಯಲ್ಲಿ ನನ್ನ ಸುತ್ತಿಗೆಗೆ ಕೆಲಸ ಸಿಕ್ಕಿತು. ಆ ಕೋಣೆಗೆ ಇದ್ದದ್ದು ಅಂಗೈಯಗಲದ ಒಂದೇ ಕಿಡಕಿ. ಎದುರು ಗೋಡೆ ಒಡೆದು ಇನ್ನೊಂದು ಕೂರಿಸಿದೆ. ತಗಡಿಗೆ ಎರಡು ಸಲ ಸುಣ್ಣ ಬಳಿದು, ಮೇಲೆ ತೊಗರಿ ಕಟ್ಟಿಗೆ ಹೊದಿಸಿದೆ. ಇಂತಹ ಅಚ್ಚುಕಟ್ಟಾದ ಕೆಲಸ ಮಾಡಿ ಇಷ್ಟು ಕಡಿಮೆ ಹಿಗ್ಗಿದ್ದು ನನಗೆ ನೆನಪಿಲ್ಲ. ಕೂಸು ಹಾಲು ಕುಡಿಯತೊಡಗಿ ಮನೆಗೆ ಬಂದ ಮೇಲೆ ನಾವಿಬ್ಬರೂ ಹೊರಟೆವು.

ತಿರುಗಿ ಬರುವಾಗ ನಾನು ಹೇಳದೆಯೇ ಅಕ್ಕ ಬಾಟಲಿ ತೆಗೆದುಕೊಂಡು ಕುಡಿದಳು. ಬಾಗೇವಾಡಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ತಮ್ಮಾ, ನನ್ನ ಎರಡನೇ ಕೂಸು ವೈಶಾಖದಾಗ ಹೋತಲ್ಲ. ಹಿಂಗ ಮೈ ಸುಡ್ತಿತ್ತು. ಥಂಡಿ ಅಂತ ನಾನ ಕೆಂಡ ಹಾಕಿದ್ದೆ."

ಅವಳ ಕಿವಿಯ ಹತ್ತಿರ ಬಾಗಿ, "ಆಗ ಇಷ್ಟು ಬಿಸಲ ಇರ್ಲಿಲ್ಲಕ್ಕಾ," ಎಂದೆ.

"ಖರೇನೋ?"

"ಖರೇನ."

"ಇನ್ನೊಮ್ಮೆ ಹೇಳು. ಕೇಳ್ಸಲಿಲ್ಲ."

ಇನ್ನೊಮ್ಮೆ ಹೇಳಿದೆ. ಮೊದಲ ಸಲವೇ ಅವಳಿಗೆ ಕೇಳಿಸಿತ್ತು ಎಂದು ನನಗೆ ಗೊತ್ತಿತ್ತು.

ಕನ್ನೊಳ್ಳಿಯಲ್ಲಿ ಅವಳನ್ನು ಇಳಿಸಿ ಅದೇ ಟಂಟಂನಲ್ಲಿ ಹೊರಳಿದೆ. ತಿರುಗಿ ನೋಡಿದರೆ ಅಕ್ಕ ಮನೆಗೆ ಹೋಗಿರಲಿಲ್ಲ. ಖಾಲಿ ಬಾಟಲಿ ಹಿಡಿದು, ತಲೆಯ ಮೇಲೆ ಸೆರಗು ಹೊದೆಯದೆ, ಬಿಸಿಲಿನಲ್ಲೇ ನಿಂತಿದ್ದಳು. ನೆರಳಿಗೆ ಹೋಗಕ್ಕಾ ಎಂದು ಒದರಿದೆ. ಅದು ಅವಳಿಗೆ ನಿಜವಾಗಿಯೂ ಕೇಳಿಸಲಿಲ್ಲ.